ಅನ್ನವೋ ಮುದ್ದೆಯೋ, ಪನೀರೋ ಕಾಳೋ: ಅಡುಗೆಮನೆಯಲ್ಲೇ ಹಾಕಬಹುದಾದ ಪರಿಸರದ ಲೆಕ್ಕ

ನಮ್ಮ ಚಿಕ್ಕಪ್ಪ ಕಾಶ್ಮೀರದ ಸೇಬು ಮುಟ್ಟುವುದಿಲ್ಲ. ಮೂರು ಸಾವಿರ ಕಿಲೋಮೀಟರ್ ಲಾರಿಯಲ್ಲಿ ಹೊಗೆ ಉಗುಳಿಸಿಕೊಂಡು ಬಂದ ಹಣ್ಣು ತಿಂದರೆ ಪರಿಸರ ಹಾಳಾಗುತ್ತದೆ ಎನ್ನುವುದು ಅವರ ವಾದ. ಅದೇ ಚಿಕ್ಕಪ್ಪ, ಮನೆಯಲ್ಲಿ ಟೊಮೆಟೊ ಮುಗಿದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಸ್ಕೂಟರ್ ಹತ್ತಿ ಎರಡು ಕಿಲೋಮೀಟರ್ ಆಚೆಯ ಸಂತೆಗೆ ಹೋಗಿ ಒಂದು ಕೆ.ಜಿ. ಕೋಲಾರದ ಟೊಮೆಟೊ ತರುತ್ತಾರೆ. ಒಂದು ಭಾನುವಾರ ಅವರೂ ನಾನೂ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಈ ಎರಡರ ಲೆಕ್ಕ ಹಾಕಿದೆವು.

ಹತ್ತು ಟನ್ ಸೇಬು ಹೊತ್ತ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಎಂದು ಹಿಡಿಯೋಣ. ಕಾಶ್ಮೀರದಿಂದ ಬೆಂಗಳೂರಿಗೆ 750 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಟ್ಟು ಎರಡು ಟನ್ನಿನಷ್ಟಾಯಿತು. ಅದನ್ನು ಹತ್ತು ಸಾವಿರ ಕೆ.ಜಿ. ಸೇಬಿಗೆ ಹಂಚಿದರೆ ಕೆ.ಜಿ.ಗೆ 200 ಗ್ರಾಂ. ಇನ್ನು ಸ್ಕೂಟರ್: ಹೋಗಿ ಬರಲು ನಾಲ್ಕು ಕಿಲೋಮೀಟರ್, ಲೀಟರಿಗೆ 45ರಂತೆ ಓಡಿದರೆ, ಪೆಟ್ರೋಲ್ ಲೀಟರಿಗೆ 2.3 ಕೆ.ಜಿ. ಉಗುಳುವ ಲೆಕ್ಕದಲ್ಲಿ, 200 ಗ್ರಾಂ. ಅಲ್ಲಿಗೆ ಸರಿಸಮ! ಕೋಲಾರದಿಂದ ಬೆಂಗಳೂರಿನವರೆಗಿನ 70 ಕಿಲೋಮೀಟರಿಗೆ ಲಾರಿ ಆ ಟೊಮೆಟೊ ಮೇಲೆ ಹೇರಿದ್ದು ಐದೇ ಗ್ರಾಂ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಲಾರಿ ವಾಪಸ್ ಖಾಲಿ ಹೋಗುವುದಿಲ್ಲವೇ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಖಾಲಿ ಹೋಯಿತು ಎಂದೇ ಇಟ್ಟುಕೊಂಡರೂ ಸೇಬಿನದು 400 ಗ್ರಾಂ ದಾಟದು.

ಈ ಹಾಳೆಯನ್ನು ಇಲ್ಲಿ ತೋರಿಸುತ್ತಿರುವುದು ಚಿಕ್ಕಪ್ಪನನ್ನು ಸೋಲಿಸುವುದಕ್ಕಲ್ಲ. ಆಹಾರ ಮತ್ತು ಪರಿಸರ ಎಂದೊಡನೆ ನಮ್ಮ ತಲೆಗೆ ಮೊದಲು ಹೊಳೆಯುವುದು ದೂರ. ಆದರೆ ಆಹಾರದಿಂದಾಗುವ ಒಟ್ಟು ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಜಗತ್ತಿನ ಸರಾಸರಿಯಲ್ಲಿ ಶೇ. 6ರ ಆಸುಪಾಸು. ಉಳಿದದ್ದರ ಬಹುಪಾಲು ಹೊಲದಲ್ಲಿ, ಗದ್ದೆಯ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ, ಕಡಿದ ಕಾಡಿನಲ್ಲಿ ಆಗಿಹೋಗಿರುತ್ತದೆ. ಹಾಗಾಗಿ ಅಂಗಡಿಯಲ್ಲಿ ನಿಂತು 'ಇದು ಎಲ್ಲಿಂದ ಬಂತು' ಎಂದು ಕೇಳುವುದಕ್ಕಿಂತ ಮೊದಲು 'ಇದು ಏನು, ಹೇಗೆ ಬೆಳೆಯಿತು' ಎಂದು ಕೇಳುವುದು ಲೇಸು.

ದೂರ ನಿಜವಾಗಿಯೂ ಲೆಕ್ಕಕ್ಕೆ ಬರುವ ಜಾಗ ಒಂದಿದೆ: ವಿಮಾನ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ವಿಮಾನ ಒಂದು ಕೆ.ಜಿ.ಗೂ ಮಿಗಿಲಾಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ; ಹಡಗಿಗೆ ಹತ್ತಿಪ್ಪತ್ತು ಗ್ರಾಂ ಸಾಕು. ದುಬೈಯಲ್ಲಿರುವ ಕನ್ನಡಿಗರು ಊರಿನಿಂದ ವಿಮಾನದಲ್ಲಿ ಬಂದ ನುಗ್ಗೆಕಾಯಿ, ಕರಿಬೇವು ಕೊಳ್ಳುವಾಗ ಕೆ.ಜಿ.ಗೆ ಮೂರು ಕೆ.ಜಿ.ಯಷ್ಟು ಹೊಗೆಯನ್ನೂ ಕೊಂಡಂತೆ. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸಿಗುವ, ಹೆಪ್ಪುಗಟ್ಟಿಸಿ ಹಡಗಿನಲ್ಲಿ ತಂದ ಅವರೆಕಾಳು ಸೊಗಡಿನಲ್ಲಿ ಹಿಂದೆ ಬೀಳಬಹುದು, ಈ ಲೆಕ್ಕದಲ್ಲಿ ಮಾತ್ರ ಬಹಳ ಮುಂದಿದೆ.

ಇನ್ನು ಮುಂದೆ ಬರುವ ಅಂಕಿಗಳ ಬಗ್ಗೆ ಒಂದು ಮಾತು. ಬಹುತೇಕ ಇವು 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ತೋಟ, ಹೊಲ, ಕೊಟ್ಟಿಗೆಗಳ ಮಾಹಿತಿ ಕಲೆಹಾಕಿ ಮಾಡಿದ ಲೆಕ್ಕದಿಂದ ಬಂದವು. ಒಂದು ಕೆ.ಜಿ. ಪದಾರ್ಥಕ್ಕೆ ಎಷ್ಟು ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಎಂಬುದು ಅಳತೆ. ಜಗತ್ತಿನ ಸರಾಸರಿ ಇದು, ನಮ್ಮ ಹೊಲದ ಅಳತೆಯಲ್ಲ. ಎರಡು ಪದಾರ್ಥಗಳ ನಡುವೆ ಹತ್ತು ಪಟ್ಟು ಅಂತರವಿದ್ದರೆ ನಂಬಿ, ಅರ್ಧ ಕೆ.ಜಿ. ಅಂತರಕ್ಕೆ ಜಗಳವಾಡಬೇಡಿ.

ಅನ್ನವೋ, ಮುದ್ದೆಯೋ, ರೊಟ್ಟಿಯೋ

ಒಂದು ಕೆ.ಜಿ. ಅಕ್ಕಿಗೆ ಸುಮಾರು 4.5, ಗೋಧಿಗೆ 1.6. ಮೂರು ಪಟ್ಟಿಗೆ ಹತ್ತಿರದ ಈ ಅಂತರಕ್ಕೆ ಕಾರಣ ನಿಂತ ನೀರು. ಗದ್ದೆಯಲ್ಲಿ ನೀರು ಕಟ್ಟಿದಾಗ ಮಣ್ಣಿಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದ ಆ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಹಿಂದಿನ ಬೆಳೆಯ ಕೂಳೆ, ಬೇರುಗಳನ್ನು ಕೊಳೆಸಿ ಮೀಥೇನ್ ಮಾಡುತ್ತವೆ. ಅದರಲ್ಲಿ ಬಹುಪಾಲು ಗುಳ್ಳೆಯಾಗಿ ಮೇಲೇಳುವುದಿಲ್ಲ. ಭತ್ತದ ಪೈರಿನ ಟೊಳ್ಳು ದಂಟಿನೊಳಗಿಂದಲೇ, ಹೊಗೆಕೊಳವೆಯಿಂದ ಬಂದಂತೆ ಹೊರಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು.

ರಾಗಿಗೆ ನಿಂತ ನೀರು ಬೇಡ. ನಿಂತರೆ ಅದಕ್ಕೆ ಆಗುವುದೂ ಇಲ್ಲ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕ; ಅದರಲ್ಲಿ ಬಹುಪಾಲು ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಹೊಲಗಳಲ್ಲಿ ಬೆಳೆಯುತ್ತದೆ. ನನಗೆ ರಾಗಿಗಿಂತ ಹೆಚ್ಚು ಮೆಚ್ಚುಗೆಯಾಗುವುದು ರಾಗಿ ಹೊಲದ ಅಕ್ಕಡಿ ಸಾಲು. ಕೆಲವು ಸಾಲು ರಾಗಿ ಬಿತ್ತಿ ನಡುವೆ ಒಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು ಬೆರೆಸಿ ಹಾಕುತ್ತಾರೆ. ಕಾಳಿನ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತದೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಮನೆಗೆ ಬರುತ್ತದೆ. ಮುದ್ದೆ, ಅದಕ್ಕೆ ಬೇಕಾದ ಸಾರಿನ ಕಾಳು, ದನಕ್ಕೆ ರಾಗಿಹುಲ್ಲು, ಎಲ್ಲವೂ ಒಂದೇ ಹೊಲದ್ದು. ಕುಯ್ದ ರಾಗಿಯನ್ನು ಹಿಂದೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಹುಳು ಮುಟ್ಟುತ್ತಿರಲಿಲ್ಲ. ಶೈತ್ಯಾಗಾರದ ಕರೆಂಟ್ ಬಿಲ್ ಇಲ್ಲದ ಗೋದಾಮು!

ಉತ್ತರ ಕರ್ನಾಟಕದವರ ಬಿಳಿಜೋಳ ಇದಕ್ಕೂ ಒಂದು ಕೈ ಮೇಲು ಎನ್ನಬಹುದು. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಮಳೆ ಹಿಂದೆ ಸರಿಯುವ ಹೊತ್ತಿಗೆ. ಕಪ್ಪು ಮಣ್ಣು ಹಿಡಿದಿಟ್ಟ ಹಸಿಯನ್ನೇ ಕುಡಿದು, ಚಳಿಗಾಲದ ಇಬ್ಬನಿಯಲ್ಲಿ ಅದು ಬೆಳೆದುಬಿಡುತ್ತದೆ. ಚಪಾತಿಯ ಗೋಧಿಗೆ ಮೀಥೇನಿನ ಹೊರೆ ಇಲ್ಲ ನಿಜ, ಆದರೆ ಪಂಜಾಬ್, ಹರಿಯಾಣದ ಗೋಧಿಯ ಹಿಂದೆ ವರ್ಷವರ್ಷವೂ ಕೆಳಗಿಳಿಯುತ್ತಿರುವ ಅಂತರ್ಜಲವಿದೆ. ಗಾಳಿಯ ಲೆಕ್ಕ ಒಂದು, ನೀರಿನ ಲೆಕ್ಕ ಇನ್ನೊಂದು.

ಹಾಗೆಂದು ಅನ್ನವನ್ನು ಖಳನಾಯಕನನ್ನಾಗಿ ಮಾಡುವವರ ಜೊತೆ ನಾನಿಲ್ಲ. ಕರಾವಳಿಯ ಬೈಲು ಗದ್ದೆಯಲ್ಲಿ ಆಷಾಢದಲ್ಲಿ ರಾಗಿ ಬಿತ್ತಿ ನೋಡಿ, ಬೀಜವೂ ಸಿಗದು. ಅಲ್ಲಿ ನೀರು ನಿಲ್ಲುವುದು ಆಕಾಶದ ಇಚ್ಛೆ. ಭತ್ತ ಅಲ್ಲಿಯ ಸಹಜ ಬೆಳೆ. ಕುಮಟಾ ಕಡೆಯ ಗಜನಿಗಳಲ್ಲಿ, ಎಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಆ ನೀರನ್ನೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಆ ಜಾಗದಲ್ಲಿ ಬೇರೇನು ಬೆಳೆದೀತು? ಮಂಡ್ಯದ ಮಾತು ಬೇರೆ. ಕೃಷ್ಣರಾಜಸಾಗರದ ನಾಲೆ ಬರುವ ಮೊದಲು ಅದೂ ರಾಗಿಯ ನಾಡೇ. ನಾಲೆ ಬಂದಮೇಲೆ ಭತ್ತ, ಕಬ್ಬು ಬಂದವು, ಮಳೆ ಕೈಕೊಟ್ಟ ವರ್ಷ ಕಾವೇರಿ ಗಲಾಟೆಯೂ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ರಾಗಿಯೂ ಒಣಗಿತು ಎಂಬುದನ್ನು ಮರೆಯಬಾರದು. ರಾಗಿಯೇನು ದೇವರ ವರ ಪಡೆದ ಬೆಳೆಯಲ್ಲ. ಭತ್ತದಲ್ಲೂ ದಾರಿಗಳಿವೆ. ಗದ್ದೆಯನ್ನು ಆಗಾಗ ಒಣಗಲು ಬಿಟ್ಟು ಮತ್ತೆ ನೀರು ಹಾಯಿಸಿದರೆ ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇಳಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆದರೆ ಅಂಗಡಿಯ ಸೋನಾ ಮಸೂರಿ ಚೀಲದ ಮೇಲೆ ಅದು ಯಾವ ಗದ್ದೆಯದು ಎಂದು ಬರೆದಿರುವುದಿಲ್ಲವಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ಏರ್ಪಾಟು ಇಷ್ಟೇ: ಮಧ್ಯಾಹ್ನ ಅನ್ನ, ರಾತ್ರಿ ಮುದ್ದೆ ಅಥವಾ ರೊಟ್ಟಿ. ಪಡಿತರದ ಅಕ್ಕಿಯನ್ನೇ ನಂಬಿದ ಮನೆಗೆ ಈ ಉಪದೇಶ ಸಲ್ಲದು. ಆಯ್ಕೆ ಇರುವವರ ಮಾತು ಇದು. ಇನ್ನೊಂದು ಎಚ್ಚರಿಕೆ. ಸಿರಿಧಾನ್ಯ ವರ್ಷ ಎಂದು 2023 ಆಚರಣೆಯಾದ ಮೇಲೆ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತುಗಳು ಸಾಲುಗಟ್ಟಿವೆ. ಪೊಟ್ಟಣ ತಿರುಗಿಸಿ ನೋಡಿ: ಎಷ್ಟೋ ಬಿಸ್ಕತ್ತುಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮುಂದೆ, ರಾಗಿ ಎಲ್ಲೋ ಹಿಂದಿನ ಬೆಂಚಿನಲ್ಲಿ.

ಪನೀರ್, ಕೋಳಿ, ಮೊಟ್ಟೆ, ಕಾಳು

ಇಲ್ಲಿ ಅಂತರ ದೊಡ್ಡದು, ಮುಜುಗರವೂ ದೊಡ್ಡದು. ನಾಲ್ವರ ರಾತ್ರಿ ಊಟವನ್ನೇ ತೆಗೆದುಕೊಳ್ಳಿ. ಅರ್ಧ ಕೆ.ಜಿ. ಕುರಿ ಮಾಂಸದ ಸಾರು ಮಾಡಿದರೆ ಸುಮಾರು 20 ಕೆ.ಜಿ. ಲೆಕ್ಕ ಬೀಳುತ್ತದೆ. ಅರ್ಧ ಕೆ.ಜಿ. ಕೋಳಿಗೆ 5. ನಾಲ್ಕು ಮೊಟ್ಟೆಯ ಸಾರಿಗೆ 1. ಇನ್ನೂರು ಗ್ರಾಂ ಒಣ ಕಡಲೆಕಾಳು ನೆನೆಹಾಕಿ ಉಸಲಿಯೋ ಸಾರೋ ಮಾಡಿದರೆ ಒಂದರ ಮೂರನೇ ಭಾಗ ಚಿಲ್ಲರೆ. ಇನ್ನೂರು ಗ್ರಾಂ ಪನೀರ್?

ಪನೀರಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸಾಲಿಲ್ಲ, ನಾವೇ ಲೆಕ್ಕ ಹಾಕಬೇಕು. ಒಂದು ಕೆ.ಜಿ. ಪನೀರಿಗೆ ಐದಾರು ಲೀಟರ್ ಹಸುವಿನ ಹಾಲು ಬೇಕು. ಹಾಲು ಲೀಟರಿಗೆ ಸುಮಾರು 3 ಎಂದರೆ ಪನೀರ್ ಕೆ.ಜಿ.ಗೆ 15ರಿಂದ 18, ಇನ್ನೂರು ಗ್ರಾಂಗೆ ಮೂರು ಚಿಲ್ಲರೆ. ಕೋಳಿ ಕೆ.ಜಿ.ಗೆ 10ರ ಆಸುಪಾಸು! ಹೋಟೆಲಿನಲ್ಲಿ ಪಕ್ಕದ ಮೇಜಿನ ಕೋಳಿಯ ಕಡೆ ಕಣ್ಣು ಹಾಯಿಸಿ 'ನಮ್ಮದು ಪನೀರ್, ನಾವು ಪರಿಸರಕ್ಕೆ ಹತ್ತಿರ' ಎಂದುಕೊಳ್ಳುವ ಸಸ್ಯಾಹಾರಿಗಳಲ್ಲಿ ನಾನೂ ಒಬ್ಬನಾಗಿದ್ದೆ. ಕೆ.ಜಿ.ಗೆ ಕೆ.ಜಿ. ಇಟ್ಟು ತೂಗಿದರೆ ಆ ಹೆಮ್ಮೆಗೆ ಜಾಗವಿಲ್ಲ. ಒಡೆದ ಹಾಲಿನ ತಿಳಿನೀರನ್ನು ಚೆಲ್ಲದೆ ಹಿಟ್ಟು ಕಲಸಲು, ಸಾರಿಗೆ ಬಳಸಿದರೆ ಹೊರೆ ಸ್ವಲ್ಪ ಹಂಚಿಹೋಗುತ್ತದೆ, ಅಷ್ಟೇ. ಕೋಳಿಯನ್ನು ತಿನ್ನಿ ಎಂದು ನಾನು ಹೇಳುತ್ತಿಲ್ಲ. ಪ್ರಾಣಿಯ ನೋವಿನ ಲೆಕ್ಕ ಬೇರೆಯದು, ಅದನ್ನು ಅವರವರೇ ಹಾಕಿಕೊಳ್ಳಬೇಕು. ಪನೀರನ್ನು ತರಕಾರಿಯ ಸಾಲಿಗೆ ಸೇರಿಸಬೇಡಿ ಎಂದಷ್ಟೇ ನನ್ನ ಮಾತು. ವಾರಕ್ಕೆ ಮೂರು ದಿನ ಪನೀರ್ ಮಾಡುವ ಮನೆ ಅದರಲ್ಲಿ ಎರಡು ದಿನ ಹುರುಳಿ, ಅಲಸಂದೆ, ಹೆಸರುಕಾಳಿಗೆ ತಿರುಗಿದರೆ, ಇಡೀ ವರ್ಷ ಸೇಬು ಬಿಟ್ಟುದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಳಿತಾಯ.

ಪ್ರೋಟೀನಿನ ಲೆಕ್ಕದಲ್ಲೂ ಕಾಳಿನದೇ ಗೆಲುವು. ನೂರು ಗ್ರಾಂ ಪ್ರೋಟೀನಿಗೆ ಕಾಳು ಒಂದಕ್ಕಿಂತ ಕಡಿಮೆ, ಮೊಟ್ಟೆ ನಾಲ್ಕು, ಕೋಳಿ ಆರರ ಹತ್ತಿರ, ಚೀಸ್ ಬಗೆಯವು ಹನ್ನೊಂದರ ಸುತ್ತ, ಕುರಿ ಇಪ್ಪತ್ತು. ಯೂರಿಯಾ ಸುರಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟಿನಷ್ಟು ಪ್ರಬಲ. ತನ್ನ ಸಾರಜನಕವನ್ನು ತಾನೇ ಸಂಪಾದಿಸುವ ಕಾಳಿಗೆ ಆ ಯೂರಿಯಾದ ಹಂಗು ಹೆಚ್ಚಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆಳಕ್ಕೆ ಬೇರು ಬಿಟ್ಟು, ಹೆಚ್ಚಾಗಿ ಮಳೆನೀರಿನಲ್ಲೇ ಬೆಳೆಯುವ ಬೆಳೆ ಅದು. ಹುರುಳಿ ಇನ್ನೂ ಸ್ವಾಭಿಮಾನಿ: ಬೇರೆ ಬೆಳೆ ಬಾರದ ತೆಳು ಮಣ್ಣಿನಲ್ಲಿ, ಕೊನೆಯ ಮಳೆಯ ಹಸಿಯಲ್ಲಿ ಬೆಳೆದುಕೊಳ್ಳುತ್ತದೆ. ಅದನ್ನು ಬಡವರ ಕಾಳು, ಕುದುರೆಯ ಕಾಳು ಎಂದು ಮೂಲೆಗೆ ತಳ್ಳಿದ್ದು ನಾವು.

ಕುರಿಯ ಬಗ್ಗೆ ಒಂದು ಅಡ್ಡಮಾತು. ಆ 20 ಕೆ.ಜಿ. ಎಂಬ ಅಂಕಿ ಬೇಲಿ ಹಾಕಿ ಹುಲ್ಲುಗಾವಲು ಬೆಳೆಸಿದ ದೇಶಗಳನ್ನೂ ಸೇರಿಸಿಕೊಂಡದ್ದು. ನಮ್ಮಲ್ಲಿ ಕುರಿಗಾಹಿಗಳು ಕೊಯ್ಲು ಮುಗಿದ ಹೊಲಗಳಲ್ಲಿ ಮಂದೆ ಮೇಯಿಸುತ್ತಾರೆ, ರಾತ್ರಿ ಮಂದೆ ನಿಲ್ಲಿಸಿದ್ದಕ್ಕೆ ಹೊಲದವರೇ ದುಡ್ಡು ಅಥವಾ ಕಾಳು ಕೊಡುತ್ತಾರೆ, ಗೊಬ್ಬರಕ್ಕಾಗಿ. ಆ ಕುರಿ ಯಾರ ಕಾಡನ್ನೂ ಕಡಿಸಿಲ್ಲ. ಮೆಲುಕು ಹಾಕುವ ಹೊಟ್ಟೆಯಿಂದ ಬರುವ ಮೀಥೇನ್ ಮಾತ್ರ ಎಲ್ಲಿಯ ಕುರಿಗೂ ತಪ್ಪಿದ್ದಲ್ಲ. ಹಬ್ಬಕ್ಕೆ ಮಾಂಸ ಎಂಬ ಹಳೆಯ ಪದ್ಧತಿ ವಾರಕ್ಕೆ ಮೂರು ಬಾರಿಯ ಬಿರಿಯಾನಿ ಆದದ್ದೇ ನಿಜವಾದ ಬದಲಾವಣೆ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಒಳ್ಳೆಯ ಆಯ್ಕೆ. ದಡಕ್ಕೆ ಹತ್ತಿರ, ಗುಂಪಾಗಿ ಸಿಗುವ ಸಣ್ಣ ಮೀನುಗಳಿಗೆ ಡೀಸೆಲ್ ಕಡಿಮೆ ಸಾಕು, ಯಾರೂ ಮೇವು ಹಾಕಬೇಕಿಲ್ಲ. ಕೆರೆ ಕಟ್ಟಿ ಸಾಕಿದ ಸಿಗಡಿ ಇದಕ್ಕೆ ತದ್ವಿರುದ್ಧ, ಕೆ.ಜಿ.ಗೆ 27ರ ಹತ್ತಿರ. ಎಷ್ಟೋ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು ಆ ಕೆರೆಗಳನ್ನು ಮಾಡಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನ ಮೀನಿನ ಆಸೆಯನ್ನು ಒಣಮೀನಿನಲ್ಲಿ ತೀರಿಸಿಕೊಳ್ಳುವುದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಕಾಫಿ ಲೋಟದಲ್ಲಿ ಏನಿದೆ

ಫಿಲ್ಟರ್ ಕಾಫಿ ಬಿಡಿ ಎಂದು ನನಗೆ ಯಾರಾದರೂ ಹೇಳಿದರೆ ಈ ಲೇಖನ ಇಲ್ಲಿಗೇ ನಿಲ್ಲುತ್ತದೆ. ಲೆಕ್ಕ ಮಾತ್ರ ನೋಡೋಣ. ಒಂದು ಲೋಟಕ್ಕೆ ಎಂಟು ಗ್ರಾಂ ಪುಡಿ, ನೂರು ಮಿಲಿ ಲೀಟರ್ ಹಾಲು. ಪುಡಿಯ ಪಾಲು 0.2 ಕೆ.ಜಿ. ಚಿಲ್ಲರೆ, ಹಾಲಿನದು 0.3. ಪುಡಿಯ ಅಂಕಿಯಲ್ಲಿ ಕಾಡು ಕಡಿದು ಬಯಲಿನಲ್ಲಿ ಬೆಳೆದ ಕಾಫಿಯೂ ಸೇರಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಅದು ಬೆಳೆಯುವುದು ಮರದ ನೆರಳಿನಲ್ಲಿ. ಹಲಸು, ಅತ್ತಿ, ನಂದಿಯ ಮರಗಳ ಜಾಗದಲ್ಲಿ ಸಿಲ್ವರ್ ಓಕ್ ಬಂದ ತೋಟಕ್ಕೂ ಹಳೆಯ ತೋಟಕ್ಕೂ ವ್ಯತ್ಯಾಸವಿದೆ ನಿಜ, ಹಕ್ಕಿಗಳನ್ನು ಕೇಳಿದರೆ ಗೊತ್ತಾಗುತ್ತದೆ. ಆದರೂ ಲೋಟದಲ್ಲಿ ಭಾರ ಹೆಚ್ಚಿರುವುದು ಹಾಲಿನ ಕಡೆ. ದಿನಕ್ಕೆ ಐದು ಲೋಟ ಕುಡಿಯುವವರು ಎರಡನ್ನು ಬೈಟು ಮಾಡಿಕೊಂಡರೆ ಸಾಕು, ಬ್ರಾಂಡ್ ಹುಡುಕುವ ಕೆಲಸವಿಲ್ಲ.

ಹಾಲಿಗೆ ಬದಲಾಗಿ ಬಾದಾಮಿ ಹಾಲು ಎನ್ನುವ ಹೊಸ ರೂಢಿಯ ಬಗ್ಗೆ ನನಗೆ ಅನುಮಾನವಿದೆ. ನಮ್ಮ ಅಂಗಡಿಗಳ ಬಾದಾಮಿಯಲ್ಲಿ ಹೆಚ್ಚಿನದು ಕ್ಯಾಲಿಫೋರ್ನಿಯಾದ್ದು. ಅಲ್ಲಿ ಒಂದೇ ಒಂದು ಬಾದಾಮಿ ಬೀಜಕ್ಕೆ ಸುಮಾರು 12 ಲೀಟರ್ ನೀರು ಎಂದು ಲೆಕ್ಕ ಹಾಕಿದ್ದಾರೆ. ಬೆಳಿಗ್ಗೆ ಹತ್ತು ಬಾದಾಮಿ ನೆನೆಹಾಕಿ ಸಿಪ್ಪೆ ಸುಲಿಯುವವರು ಒಂದು ಸ್ನಾನದ ನೀರಿಗಿಂತ ಹೆಚ್ಚು ಬಾಯಿಗೆ ಹಾಕಿಕೊಂಡಂತಾಯಿತು. ಪಾವಗಡ, ಚಳ್ಳಕೆರೆಯ ಮಳೆಯಾಶ್ರಿತ ಹೊಲದ ಕಡಲೆಕಾಯಿ ಒಂದು ಹಿಡಿ ನೆನೆಹಾಕಿದರೆ ಪ್ರೋಟೀನಿಗೆ ಏನೂ ಕೊರತೆಯಾಗದು.

ಯಾವ ಎಣ್ಣೆ

ಈ ಆಯ್ಕೆಯಲ್ಲಿ ನನಗೆ ಪೂರ್ತಿ ಖಚಿತವಾದ ತೀರ್ಪಿಲ್ಲ. ತಾಳೆ ಎಣ್ಣೆ ಕೆ.ಜಿ.ಗೆ 7ಕ್ಕೂ ಹೆಚ್ಚು, ಸೂರ್ಯಕಾಂತಿ ಅದರ ಅರ್ಧ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಮಳೆಕಾಡು ಕಡಿದು, ಜೌಗು ನೆಲದ ನೀರು ಬಸಿದು ತೋಟ ಮಾಡಿದ್ದರ ಬೆಲೆ ಅದು. ಆದರೆ ಒಂದು ಹೆಕ್ಟೇರಿನಲ್ಲಿ ತಾಳೆ ಮೂರು ಟನ್ನಿನಷ್ಟು ಎಣ್ಣೆ ಕೊಡುತ್ತದೆ, ಸೂರ್ಯಕಾಂತಿ ಮುಕ್ಕಾಲು ಟನ್ ಕೊಟ್ಟರೆ ಹೆಚ್ಚು. ಎಲ್ಲರೂ ತಾಳೆ ಬಿಟ್ಟು ಬೇರೆಯದಕ್ಕೆ ಹೋದರೆ ಅದಕ್ಕೆ ಬೇಕಾದ ನೆಲ ಎಲ್ಲಿಂದ ಬರಬೇಕು?

ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿ, ಅದೇ ವರ್ಷ ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿದಾಗ ಒಗ್ಗರಣೆ ಸೌಟಿಗೂ ಜಗತ್ತಿಗೂ ನಂಟಿದೆ ಎಂದು ಎಲ್ಲರಿಗೂ ಅರಿವಾಯಿತು. ಮನೆಯಲ್ಲಿ ನಾವು ಗಾಣದ ಕಡಲೆಕಾಯಿ ಎಣ್ಣೆಗೆ ಬಂದಿದ್ದೇವೆ. ಅದರ ಹಿಂಡಿ ದನಕ್ಕೆ ಹೋಗುತ್ತದೆ, ವಾಸನೆ ಚೆನ್ನಾಗಿದೆ, ಬೆಲೆ ದುಬಾರಿ. ದುಬಾರಿ ಆದದ್ದೇ ಉಪಕಾರವಾಯಿತು: ತಿಂಗಳಿಗೆ ನಾಲ್ಕು ಲೀಟರ್ ತರುತ್ತಿದ್ದ ಮನೆಗೆ ಈಗ ಎರಡೂವರೆ ಸಾಕಾಗುತ್ತಿದೆ. ಯಾವ ಎಣ್ಣೆ ಎಂಬ ಪ್ರಶ್ನೆಗಿಂತ ಎಷ್ಟು ಎಣ್ಣೆ ಎಂಬುದು ದೊಡ್ಡದು. ತಾಳೆ ಎಣ್ಣೆ ಬಿಟ್ಟೆವು ಎಂದು ಬೀಗುವವರು ಬೇಕರಿಯ ಬನ್ನು, ಚಿಪ್ಸ್, ಮಿಕ್ಸ್ಚರ್ ಪೊಟ್ಟಣಗಳಲ್ಲಿ ಪಾಮೋಲಿನ್ ಎಂಬ ಪದ ಹುಡುಕಿ ನೋಡಲಿ.

ತಲೆ ಕೆಡಿಸಿಕೊಳ್ಳಬೇಕಿಲ್ಲದವು

ಸಕ್ಕರೆಯೋ ಬೆಲ್ಲವೋ: ಎರಡೂ ಅದೇ ಕಬ್ಬಿನ ಮಕ್ಕಳು. ನೀರು ಕುಡಿದದ್ದು ಕಬ್ಬು, ಆಲೆಮನೆಗೆ ಹೋಯಿತೋ ಕಾರ್ಖಾನೆಗೆ ಹೋಯಿತೋ ಎಂಬುದು ಆಮೇಲಿನ ಮಾತು. ಬೆಲ್ಲವನ್ನು ರುಚಿಗಾಗಿ ಕೊಳ್ಳಿ.

ಹಾಲಿನ ಪ್ಲಾಸ್ಟಿಕ್ ಪೊಟ್ಟಣ: ನಾಲ್ಕೈದು ಗ್ರಾಂ ತೂಕದ ಆ ಪೊಟ್ಟಣದ ಇಂಗಾಲ ಒಳಗಿನ ಹಾಲಿನ ಮುಂದೆ ಲೆಕ್ಕಕ್ಕಿಲ್ಲ. ಅದು ಬೀದಿಗೆ ಬಿದ್ದು ದನದ ಹೊಟ್ಟೆ ಸೇರುವುದು ಬೇರೆಯೇ ಅಪರಾಧ. ತೊಳೆದು ಒಣಗಿಸಿ ಒಣಕಸಕ್ಕೆ ಹಾಕಿ. ಮೂಲೆ ಕತ್ತರಿಸುವಾಗ ಆ ಚಿಕ್ಕ ತುಂಡನ್ನು ಪೂರ್ತಿ ಬೇರ್ಪಡಿಸಬೇಡಿ, ಅದೊಂದು ಯಾವತ್ತೂ ಕೈಗೆ ಸಿಗುವುದಿಲ್ಲ.

ಸೊಪ್ಪು, ತರಕಾರಿ: ಯಾವುದನ್ನಾದರೂ ತಿನ್ನಿ, ಹೆಚ್ಚು ತಿನ್ನಿ. ಆಲೂಗಡ್ಡೆ ಕೆ.ಜಿ.ಗೆ ಅರ್ಧ, ಬಾಳೆಹಣ್ಣು ಒಂದರೊಳಗೆ. ಮಾಗಡಿ, ಕನಕಪುರ ಕಡೆಯಿಂದ ಬರುವ ಅಜ್ಜಿಯರು ಬೆರಕೆ ಸೊಪ್ಪು ತಂದರೆ ಬಿಡಬೇಡಿ. ಅಣ್ಣೆ, ಗೋಣಿ, ಹೊನಗೊನೆ, ಯಾವುದನ್ನೂ ಯಾರೂ ಬಿತ್ತಿದ್ದಲ್ಲ, ನೀರು ಹಾಯಿಸಿದ್ದಲ್ಲ. ಮಸ್ಸೊಪ್ಪಿಗೆ ಇದರ ಮುಂದೆ ಇನ್ನೊಂದಿಲ್ಲ.

ಒಲೆಯ ಮೇಲೆ

ಒಂದು ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ, ಪೂರ್ತಿ ಉರಿದರೆ 42 ಕೆ.ಜಿ. ಇಂಗಾಲದ ಡೈಆಕ್ಸೈಡ್. ಕಾಳನ್ನು ಹೊಗಳಿದ ಮೇಲೆ ಅದರ ದೋಷವನ್ನೂ ಹೇಳಬೇಕು: ನೆನೆಸದ ಕಡಲೆಕಾಳು ಬೇಯಲು ಹಟ ಮಾಡುತ್ತದೆ. ದೊಡ್ಡ ಒಲೆ ಗಂಟೆಗೆ ಸುಮಾರು 150 ಗ್ರಾಂ ಅನಿಲ ಕುಡಿಯುತ್ತದೆ. ಅರ್ಧ ಗಂಟೆ ಹೆಚ್ಚು ಉರಿಸಿದರೆ 0.2 ಕೆ.ಜಿ. ದಾಟಿತು, ಎಂದರೆ ಆ ಇನ್ನೂರು ಗ್ರಾಂ ಕಾಳನ್ನು ಬೆಳೆದ ಲೆಕ್ಕದ ಅರ್ಧಕ್ಕಿಂತ ಹೆಚ್ಚು. ಹಿಂದಿನ ರಾತ್ರಿ ಮಲಗುವ ಮುಂಚೆ ನೆನೆಹಾಕುವುದನ್ನು ಮರೆತರೆ ಮರುದಿನ ಹೆಸರುಕಾಳಿಗೆ ತಿರುಗಿಕೊಳ್ಳುವುದು ಜಾಣತನ. ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲೆ ಅನ್ನ, ಅದರ ಮೇಲೆ ಆಲೂಗಡ್ಡೆ ಇಡುವ ಗೃಹಿಣಿಗೆ ಈ ಪಾಠ ಬೇಕಿಲ್ಲ.

ಉಳಿದದ್ದು

ಇಷ್ಟೆಲ್ಲ ತೂಗಿ ತಂದದ್ದನ್ನು ಚೆಲ್ಲಿದರೆ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಎಂದು ಆ ವರದಿಯ ಅಂದಾಜು. ನಂಬಿಕೆ ಬರದಿದ್ದರೆ ನಿಮ್ಮ ಫ್ರಿಜ್ಜಿನ ಹಿಂದಿನ ಸಾಲಿಗೆ ಕೈ ಹಾಕಿ. ನಮ್ಮಲ್ಲಿ ಕಳೆದ ವಾರ ಸಿಕ್ಕಿದ್ದು: ಸ್ಟೀಲ್ ಡಬ್ಬಿಯಲ್ಲಿ ಮೇಲೆ ಬಿಳಿ ಪೊರೆ ಬಂದ ಹುಳಿ, ಅರ್ಧ ಹೋಳು ನಿಂಬೆಹಣ್ಣು ಮರದ ಚೂರಾಗಿ, ಕೊತ್ತಂಬರಿ ಕಟ್ಟು ಕಪ್ಪು ನೀರಾಗಿ.

ದಿನಕ್ಕೆ ನೂರು ಗ್ರಾಂ ಅಕ್ಕಿಯ ಅನ್ನ ಹೆಚ್ಚಾಗಿ ಚೆಲ್ಲುವ ಮನೆ ವರ್ಷಕ್ಕೆ ಸುಮಾರು 160 ಕೆ.ಜಿ. ಲೆಕ್ಕ ಚೆಲ್ಲಿತು. ನಾಲ್ಕು ಸಿಲಿಂಡರುಗಳನ್ನು ಅಂಗಳದಲ್ಲಿಟ್ಟು ಸುಮ್ಮನೆ ಉರಿಸಿದಷ್ಟು. ಅದು ಅಲ್ಲಿಗೂ ಮುಗಿಯುವುದಿಲ್ಲ. ಹಸಿಕಸವನ್ನು ಬೇರೆ ಮಾಡದೆ ಕಸದ ಗುಡ್ಡೆಗೆ ಹಾಕಿದರೆ ಗದ್ದೆಯ ಕೆಸರಿನಲ್ಲಿ ಆದದ್ದೇ ಅಲ್ಲಿಯೂ ಆಗುತ್ತದೆ: ಗಾಳಿಯಿಲ್ಲ, ಕೊಳೆತ, ಮತ್ತೆ ಮೀಥೇನ್. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಗಿ ಬಿತ್ತು. 2014ರಲ್ಲಿ ಅಲ್ಲಿಯ ಜನ ರಸ್ತೆಗಿಳಿದು ಅದನ್ನು ನಿಲ್ಲಿಸಿದರು. ನಮ್ಮ ತಟ್ಟೆಯಲ್ಲಿ ಬಿಟ್ಟದ್ದರ ವಾಸನೆ ಕುಡಿದವರು ಅವರು.

ತಂಗಳನ್ನವನ್ನು ಚಿತ್ರಾನ್ನ ಮಾಡುವುದು ಎಲ್ಲರಿಗೂ ಗೊತ್ತು. ಇನ್ನೂ ಉಳಿದರೆ ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ ಅರೆದು ಕಲಸಿ ಬಿಸಿಲಿಗೆ ಒಣಗಿಸಿದರೆ ಅನ್ನದ ಸಂಡಿಗೆ. ಮುದ್ದೆ ಉಳಿದರೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹಾಕಿ ಕುಡಿಯುವುದು. ಇವು ಬಡತನ ಕಲಿಸಿದ ಅಡುಗೆಗಳು, ರುಚಿಯಲ್ಲಿ ಬಡತನವಿಲ್ಲ.

ಆದರೆ ಉಳಿಯದಂತೆ ನೋಡಿಕೊಳ್ಳುವವರ ಮುಂದೆ ಇವೆಲ್ಲ ಎರಡನೆಯ ದರ್ಜೆಯ ವಿದ್ಯೆ. ನಮ್ಮ ಅತ್ತೆಯವರ ಬಳಿ ತಳ ಸವೆದ ಒಂದು ಹಿತ್ತಾಳೆ ಪಾವು ಇದೆ. ದಿನಾ ಸಂಜೆ ಐದಕ್ಕೆ ಅವರು ನಡುಮನೆಗೆ ಬಂದು, 'ರಾತ್ರಿ ಊಟಕ್ಕೆ ಯಾರ್ಯಾರು? ಹೊರಗೆ ತಿಂದು ಬರುವವರು ಈಗಲೇ ಹೇಳಿ' ಎನ್ನುತ್ತಾರೆ. ಉತ್ತರ ಬರುವವರೆಗೆ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ಮೊನ್ನೆ ಚಿಕ್ಕಪ್ಪ ಬಂದಿದ್ದಾಗ 'ನನಗೆ ಒಂದೇ ಹಿಡಿ ಸಾಕು' ಎಂದರು. ಅತ್ತೆಯವರು ಅವರನ್ನು ಒಮ್ಮೆ ನೋಡಿ, ಪಾವಿನ ಬಾಯಿಯನ್ನು ಬೆರಳಿನಿಂದ ಸವರಿ ಮಟ್ಟ ಮಾಡಿ, ಮೇಲೆ ಇನ್ನೊಂದು ಹಿಡಿ ಹಾಕಿಕೊಂಡರು. ರಾತ್ರಿ ಪಾತ್ರೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.